ಪಿಎಚ್‌.ಡಿ.ಗೆ ಅಮೆರಿಕಕ್ಕೆ ಹೊರಟ ಕ್ರೈಸ್ತ ವಿದ್ಯಾರ್ಥಿಗೆ: ಚಾಪೆಲ್, ನ್ಯೂಮನ್ ಸೆಂಟರ್, ವಿದ್ಯಾರ್ಥಿ ಕೂಟ, ಅಧ್ಯಯನ ಕೇಂದ್ರ, ಊರಿನ ಚರ್ಚು – ಯಾವುದನ್ನು ಆರಿಸಿಕೊಳ್ಳಬೇಕು?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಗೆ ಅವಕಾಶ ಸಿಕ್ಕವರು ಒಪ್ಪಿಗೆ ತಿಳಿಸಬೇಕಾದ ಗಡುವು ಸಾಮಾನ್ಯವಾಗಿ ಏಪ್ರಿಲ್ 15. ಆ ದಿನ ಕಳೆದು, ವೀಸಾ, ವಿಮಾನದ ಟಿಕೆಟ್, ಬಾಡಿಗೆಯ ಕೋಣೆ ಎಂಬ ಓಡಾಟವೆಲ್ಲ ಮುಗಿದ ಮೇಲೂ ಮಂಗಳೂರು, ಬೀದರ್, ಧಾರವಾಡ, ಬೆಂಗಳೂರುಗಳ ಕ್ರೈಸ್ತ ಕುಟುಂಬಗಳ ಮಕ್ಕಳಲ್ಲಿ ಒಂದು ಪ್ರಶ್ನೆ ಉಳಿದಿರುತ್ತದೆ. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಚಾಪೆಲ್ (ಪ್ರಾರ್ಥನಾಲಯ) ಎಂದಿದೆ, ನ್ಯೂಮನ್ ಸೆಂಟರ್ ಎಂದಿದೆ, ಹತ್ತಾರು ವಿದ್ಯಾರ್ಥಿ ಕೂಟಗಳ ಹೆಸರಿದೆ, ಕ್ರೈಸ್ತ ಅಧ್ಯಯನ ಕೇಂದ್ರ ಎಂಬುದೊಂದಿದೆ, ಊರಿನಲ್ಲಿ ಚರ್ಚುಗಳಂತೂ ಇದ್ದೇ ಇವೆ. ಇವುಗಳಲ್ಲಿ ನಮಗೆ ಆಗಿಬರುವುದು ಯಾವುದು? ಎಲ್ಲಕ್ಕೂ ಹೋಗಲು ಸಮಯವಿಲ್ಲ, ಯಾವುದಕ್ಕೂ ಹೋಗದಿರಲು ಮನಸ್ಸಿಲ್ಲ.

ನಮ್ಮ ಊರಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಅಪ್ಪ ಅಮ್ಮ ಹೋಗುವ ಚರ್ಚೇ ನಮ್ಮ ಚರ್ಚು. ಒಂದು ಭಾನುವಾರ ಕಾಣಿಸದಿದ್ದರೆ ಚರ್ಚಿನ ವಾಳೆಯ (ವಾರ್ಡಿನ) ಗುರಿಕಾರರೋ ಸಂಡೇ ಸ್ಕೂಲ್ ಟೀಚರೋ ಸಭಾಪಾಲಕರ ಮನೆಯವರೋ ವಿಚಾರಿಸುತ್ತಾರೆ. ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಹಾಗೆ ವಿಚಾರಿಸುವವರು ಯಾರೂ ಇರುವುದಿಲ್ಲ, ಮತ್ತು ಅಲ್ಲಿ ಕಳೆಯಬೇಕಾದದ್ದು ಐದಾರು ವರ್ಷ. ಹೊರಡುವ ಮೊದಲು ಹಿರಿಯರು ವಿಕಾಸವಾದದ ಬಗೆಗೂ ನಾಸ್ತಿಕ ಪ್ರಾಧ್ಯಾಪಕರ ಬಗೆಗೂ ಎಚ್ಚರಿಸಿ ಕಳುಹಿಸುತ್ತಾರೆ. ನಾನು ಕಂಡಂತೆ, ವಿಶ್ವಾಸ ಅಲುಗಾಡುವುದು ವಾದದಲ್ಲಿ ಸೋತಾಗಲ್ಲ. ಮೂರನೆಯ ವರ್ಷದಲ್ಲಿ ಪ್ರಯೋಗ ಕೈಕೊಟ್ಟು, ಪ್ರಬಂಧ ತಿರಸ್ಕೃತವಾಗಿ, ಜೊತೆಗೆ ಬಂದವರು ಮುಂದೆ ಹೋಗಿ, ‘ಇದೆಲ್ಲ ಏತಕ್ಕೆ’ ಎಂದು ಕೇಳಿಕೊಳ್ಳುವಾಗ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಅದು ಅಲುಗಾಡುತ್ತದೆ. ತನ್ನ ಬೆಲೆಯನ್ನು ಫಲಿತಾಂಶದಿಂದಲೇ ಅಳೆದುಕೊಳ್ಳುವ ರೂಢಿ ಆ ಹೊತ್ತಿಗೆ ಗಟ್ಟಿಯಾಗಿ ಬೇರೂರಿರುತ್ತದೆ. ಆದ್ದರಿಂದ ಆಯ್ಕೆಯನ್ನು ಮೊದಲ ವಾರದ ಉತ್ಸಾಹಕ್ಕೆ ಬಿಡದೆ, ಮೂರನೆಯ ವರ್ಷವನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಬೇಕು.

ಅಳೆಯುವ ಮಾನದಂಡಗಳನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲನೆಯದು ಆರಾಧನೆ: ಬಲಿಪೂಜೆ (ಕಥೋಲಿಕರ ಮಾಸ್), ಪಾಪನಿವೇದನೆ, ಪ್ರಭುಭೋಜನ ಇವು ನಿಮಗೆ ಎಷ್ಟು ಅಗತ್ಯ, ಮತ್ತು ಅವು ಅಲ್ಲಿ ದೊರೆಯುತ್ತವೆಯೇ? ಎರಡನೆಯದು ಪ್ರಶ್ನೆಗೆ ಜಾಗ: ಸಂದೇಹವನ್ನು ಬಾಯಿಬಿಟ್ಟು ಹೇಳಿದರೆ ಅಲ್ಲಿನವರು ಅದನ್ನು ಕೇಳಿಸಿಕೊಳ್ಳುತ್ತಾರೆಯೇ, ಅಥವಾ ಅವಸರದಿಂದ ಉತ್ತರ ಕೊಟ್ಟು ಮುಚ್ಚಿಬಿಡುತ್ತಾರೆಯೇ? ಮೂರನೆಯದು ಜೊತೆಗಾರರು. ಹದಿನೆಂಟರ ಪದವಿ ವಿದ್ಯಾರ್ಥಿಗಳ ನಡುವೆ ಇಪ್ಪತ್ತಾರರ ಸಂಶೋಧಕ ಒಂಟಿಯಾಗುತ್ತಾನೆ. ಮದುವೆಯಾಗಿ ಮಗುವಿದ್ದರಂತೂ ಇನ್ನೂ ಹೆಚ್ಚು. ನಾಲ್ಕನೆಯದು ಸಮಯ ಮತ್ತು ದೂರ, ಏಕೆಂದರೆ ಅಮೆರಿಕದ ಬಹಳಷ್ಟು ಊರುಗಳಲ್ಲಿ ಭಾನುವಾರ ಬಸ್ಸುಗಳು ಕಡಿಮೆ ಮತ್ತು ಹೊಸಬರ ಬಳಿ ಕಾರಿರುವುದಿಲ್ಲ. ಐದನೆಯದು ಹಣ. ಆರನೆಯದು, ನಾನು ಹೆಚ್ಚು ಒತ್ತು ಕೊಡುವಂಥದ್ದು, ಹೊಣೆಗಾರಿಕೆ: ಆ ಕೂಟವನ್ನು ನಡೆಸುವವರು ಯಾರಿಗೆ ಲೆಕ್ಕ ಒಪ್ಪಿಸುತ್ತಾರೆ?

ಒಂದು ಹಿನ್ನೆಲೆಯ ಸಂಗತಿ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಮಿಷಿಗನ್, ವರ್ಜೀನಿಯ, ಬರ್ಕ್ಲಿಯಂತಹ ವಿಶ್ವವಿದ್ಯಾಲಯಗಳು ಸರ್ಕಾರಿ ಸಂಸ್ಥೆಗಳು. ಅಮೆರಿಕದ ಸಂವಿಧಾನದ ಮೊದಲನೆಯ ತಿದ್ದುಪಡಿಯ ಕಾರಣ ಅವು ಯಾವ ಮತದ ಪರವಾಗಿಯೂ ನಿಲ್ಲುವಂತಿಲ್ಲ. ಅಲ್ಲಿ ಕ್ರೈಸ್ತ ಬದುಕಿಗೆ ಆಸರೆಯಾಗಿರುವುದೆಲ್ಲ ಹೊರಗಿನ ಸಂಸ್ಥೆಗಳಿಂದಲೂ ವಿದ್ಯಾರ್ಥಿಗಳಿಂದಲೂ ನಡೆಯುತ್ತದೆ. ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್, ಡ್ಯೂಕ್‌ನಂತಹ ಖಾಸಗಿ ವಿಶ್ವವಿದ್ಯಾಲಯಗಳು ಮಾತ್ರ ತಮ್ಮದೇ ಚಾಪೆಲ್ಲನ್ನೂ ಅದಕ್ಕೊಬ್ಬ ಡೀನ್‌ರನ್ನೂ ಇಟ್ಟುಕೊಂಡಿವೆ. ಹೀಗಾಗಿ ನಿಮಗೆ ಸೀಟು ಸಿಕ್ಕ ವಿಶ್ವವಿದ್ಯಾಲಯ ಯಾವ ಬಗೆಯದು ಎಂಬುದೇ ಕೆಲವು ಆಯ್ಕೆಗಳನ್ನು ನಿರ್ಧರಿಸಿಬಿಡುತ್ತದೆ.

ವಿಶ್ವವಿದ್ಯಾಲಯದ ಚಾಪೆಲ್

ಸ್ಟ್ಯಾನ್‌ಫರ್ಡಿನ ಮೆಮೋರಿಯಲ್ ಚರ್ಚು 1903ರದು, ಪ್ರಿನ್ಸ್‌ಟನ್ನಿನ ಚಾಪೆಲ್ 1928ರದು. ಎರಡೂ ಭವ್ಯ ಕಟ್ಟಡಗಳು, ಎರಡರಲ್ಲೂ ಯಾವುದೇ ಪಂಗಡಕ್ಕೆ ಸೇರದ ಭಾನುವಾರದ ಆರಾಧನೆ ನಡೆಯುತ್ತದೆ. ನನಗೆ ಹೆಚ್ಚು ಹತ್ತಿರವಾದದ್ದು ಎಂ.ಐ.ಟಿ.ಯ ಚಾಪೆಲ್. ವಾಸ್ತುಶಿಲ್ಪಿ ಈರೊ ಸಾರಿನೆನ್ ರೂಪಿಸಿ 1955ರಲ್ಲಿ ಪೂರ್ಣಗೊಂಡ ಅದು ಹೊರಗಿನಿಂದ ನೋಡಿದರೆ ಒಂದು ದುಂಡನೆಯ ಇಟ್ಟಿಗೆಯ ಕಟ್ಟಡವಷ್ಟೇ. ಒಳಗೆ ಕಣ್ಣಿನ ಎತ್ತರದಲ್ಲಿ ಕಿಟಕಿಗಳಿಲ್ಲ. ಬಿಳಿ ಅಮೃತಶಿಲೆಯ ವೇದಿಕೆಯ ಮೇಲ್ಗಡೆ ಛಾವಣಿಯಲ್ಲಿ ಒಂದು ದುಂಡು ತೆರಪಿದೆ. ಅಲ್ಲಿಂದ ಇಳಿಬಿಟ್ಟ ಲೋಹದ ಸಣ್ಣ ಸಣ್ಣ ತಗಡುಗಳಿಗೆ ಬೆಳಕು ತಾಗಿ ಕೆಳಗೆ ಸುರಿಯುತ್ತದೆ. ಸುತ್ತಲಿನ ತೆಳುವಾದ ನೀರಿನ ಕಂದಕದಿಂದ ಪ್ರತಿಫಲಿಸಿದ ಬೆಳಕು ಗೋಡೆಯ ಬುಡದಲ್ಲಿ ಆಡುತ್ತಿರುತ್ತದೆ. ಎಲ್ಲ ಮತದವರಿಗೂ ತೆರೆದಿರುವ ಈ ಜಾಗದಲ್ಲಿ ಲ್ಯಾಬಿನಿಂದ ಎದ್ದು ಬಂದು ಕಾಲು ಗಂಟೆ ಸುಮ್ಮನೆ ಕುಳಿತುಕೊಳ್ಳಬಹುದು.

ಚಾಪೆಲ್ಲಿನ ಹೆಚ್ಚುಗಾರಿಕೆ ಇದೇ: ಹತ್ತಿರ, ಉಚಿತ, ಯಾರೂ ನಿಮ್ಮ ಪಂಗಡ ಕೇಳುವುದಿಲ್ಲ. ಚಾಪೆಲ್ಲಿನ ಗುರುಗಳಾದ ಚಾಪ್ಲೇನರು ಅಪಘಾತ, ಸಾವು, ಮನೆಯಿಂದ ಬಂದ ಕೆಟ್ಟ ಸುದ್ದಿ ಇಂತಹ ಹೊತ್ತಿನಲ್ಲಿ ನಿಮ್ಮ ಮಾತು ಕೇಳುವ ತರಬೇತಿ ಪಡೆದವರು. ಹೊಣೆಗಾರಿಕೆಯ ಮಾನದಂಡದಲ್ಲಿ ಅವರು ಗಟ್ಟಿಯಾಗಿ ನಿಲ್ಲುತ್ತಾರೆ, ಏಕೆಂದರೆ ಅವರು ವಿಶ್ವವಿದ್ಯಾಲಯಕ್ಕೇ ಉತ್ತರದಾಯಿಗಳು. ಕೊರತೆ ಇರುವುದು ಜೊತೆಗಾರರಲ್ಲಿ. ಬಂದವರು ಆರಾಧನೆ ಮುಗಿಸಿ ಚದುರುತ್ತಾರೆ. ಮುಂದಿನ ವಾರ ಪಕ್ಕದಲ್ಲಿ ಕುಳಿತವರು ಬೇರೆಯವರಾಗಿರುತ್ತಾರೆ. ಚಾಪೆಲ್ಲೊಂದನ್ನೇ ನೆಚ್ಚಿಕೊಂಡು ಐದು ವರ್ಷ ಕಳೆಯುವುದು ಕಷ್ಟ.

ನ್ಯೂಮನ್ ಸೆಂಟರ್

ಕಥೋಲಿಕ ವಿದ್ಯಾರ್ಥಿಗಳಿಗಾಗಿ ಮೊದಲ ನ್ಯೂಮನ್ ಕ್ಲಬ್ ಹುಟ್ಟಿದ್ದು 1893ರಲ್ಲಿ, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ. 2019ರಲ್ಲಿ ಸಂತಪದವಿಗೇರಿದ ಕಾರ್ಡಿನಲ್ ಜಾನ್ ಹೆನ್ರಿ ನ್ಯೂಮನ್ ಅವರ ಹೆಸರಿನ ಇಂತಹ ಕೇಂದ್ರಗಳು ಇಂದು ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳ ಪಕ್ಕದಲ್ಲಿ ಇವೆ. ಕೆಲವೆಡೆ ಅವೇ ಪೂರ್ಣ ಧರ್ಮಕೇಂದ್ರಗಳೂ (ಪ್ಯಾರಿಷ್) ಆಗಿವೆ. ಮಂಗಳೂರು, ಉಡುಪಿ, ಬೆಂಗಳೂರು ಧರ್ಮಪ್ರಾಂತ್ಯಗಳಿಂದ ಹೋದವರಿಗೆ ಆರಾಧನೆಯ ವಿಷಯದಲ್ಲಿ ಇಲ್ಲಿ ಯಾವ ಗೊಂದಲವೂ ಇಲ್ಲ: ಅದೇ ಬಲಿಪೂಜೆ, ಅದೇ ವಾಚನಗಳು, ಪಾಪನಿವೇದನೆಗೆ ನಿಗದಿತ ಸಮಯ. ಭಾನುವಾರ ಸಂಜೆ ತಡವಾಗಿ ವಿದ್ಯಾರ್ಥಿಗಳಿಗೆಂದೇ ಒಂದು ಪೂಜೆ ಇಡುವುದು ಈ ಕೇಂದ್ರಗಳ ರೂಢಿ. ಬೆಳಿಗ್ಗೆ ಲ್ಯಾಬಿನಲ್ಲಿ ಬೆಳೆಸುತ್ತಿರುವ ಜೀವಕೋಶಗಳನ್ನು ನೋಡಿಕೊಳ್ಳಬೇಕಾದವರಿಗೆ ಇದೊಂದೇ ಕಾರಣಕ್ಕೆ ನ್ಯೂಮನ್ ಸೆಂಟರ್ ಬೇರೆ ಎಲ್ಲಕ್ಕಿಂತ ಅನುಕೂಲ.

ಆದರೆ ಅಲ್ಲಿನ ಕಾರ್ಯಕ್ರಮಗಳ ಬಹುಪಾಲು ಪದವಿ ವಿದ್ಯಾರ್ಥಿಗಳ ಸುತ್ತ ಹೆಣೆದವು. ಸಂಶೋಧಕರಿಗೆಂದು ಪ್ರತ್ಯೇಕ ಗುಂಪಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಪೂಜೆಗೆ ಅಲ್ಲಿಗೂ ಗೆಳೆತನಕ್ಕೆ ಬೇರೆಡೆಗೂ ಹೋಗಬೇಕಾದೀತು. ವಿಜ್ಞಾನ ಮತ್ತು ವಿಶ್ವಾಸದ ಪ್ರಶ್ನೆಗಳಿಗೆ ತಕ್ಕ ಒಡನಾಟ ಬೇಕಾದವರಿಗೆ 2016ರಲ್ಲಿ ಆರಂಭವಾದ ಕಥೋಲಿಕ ವಿಜ್ಞಾನಿಗಳ ಸಂಘ, ಸೊಸೈಟಿ ಆಫ್ ಕ್ಯಾಥೊಲಿಕ್ ಸೈಂಟಿಸ್ಟ್ಸ್, ಇದೆ. ಬೆಳ್ತಂಗಡಿ ಧರ್ಮಪ್ರಾಂತ್ಯದ ಸಿರೊ-ಮಲಬಾರ್ (ಕೇರಳ ಮೂಲದ ಕಥೋಲಿಕ ಸಭೆ) ಕುಟುಂಬಗಳಿಂದ ಹೋದವರು ಇನ್ನೊಂದು ಸಾಧ್ಯತೆಯನ್ನು ಮರೆಯಬಾರದು: ಆ ಸಭೆಗೆ ಅಮೆರಿಕದಲ್ಲಿ 2001ರಿಂದ ಷಿಕಾಗೊ ಕೇಂದ್ರವಾಗಿ ಸ್ವಂತ ಧರ್ಮಪ್ರಾಂತ್ಯವಿದೆ.

ವಿದ್ಯಾರ್ಥಿ ಕೂಟಗಳು

ಪ್ರೊಟೆಸ್ಟಂಟ್ ಕೂಟಗಳಲ್ಲಿ ಸಂಶೋಧಕರಿಗೆ ಮುಖ್ಯವಾದದ್ದು ಇಂಟರ್‌ವಾರ್ಸಿಟಿ. ಅಮೆರಿಕದಲ್ಲಿ 1941ರಿಂದ ಇರುವ ಈ ಸಂಸ್ಥೆಗೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಪ್ರಾಧ್ಯಾಪಕರಿಗೂ ಮೀಸಲಾದ ಪ್ರತ್ಯೇಕ ವಿಭಾಗವೇ ಇದೆ. ಭಾರತದಲ್ಲಿ 1954ರಲ್ಲಿ ಆರಂಭವಾದ ಯು.ಇ.ಎಸ್.ಐ. (ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ) ಕೂಟಗಳಿಗೆ ಹೋಗಿ ರೂಢಿ ಇರುವವರಿಗೆ ಇದರ ರೀತಿನೀತಿ ಪರಿಚಿತವೆನಿಸುತ್ತದೆ, ಏಕೆಂದರೆ ಎರಡೂ ಒಂದೇ ಅಂತರರಾಷ್ಟ್ರೀಯ ಬಳಗಕ್ಕೆ ಸೇರಿದವು. ವಾರಕ್ಕೊಂದು ಸಂಜೆ, ಯಾರದೋ ಮನೆಯಲ್ಲಿ ಊಟ, ಸುವಾರ್ತೆಯ ಒಂದು ಭಾಗವನ್ನು ಸಾಲು ಸಾಲಾಗಿ ಓದಿ ಚರ್ಚೆ, ಕೊನೆಗೆ ಒಬ್ಬರಿಗಾಗಿ ಒಬ್ಬರು ಪ್ರಾರ್ಥನೆ. ಆ ಪ್ರಾರ್ಥನೆಯಲ್ಲಿ ಸಂಶೋಧನೆ ಮುಂದುವರಿಸಲು ಪಾಸಾಗಲೇಬೇಕಾದ ನಾಳಿನ ಕ್ವಾಲಿಫೈಯಿಂಗ್ ಪರೀಕ್ಷೆ, ಮಾತು ಬಿಟ್ಟ ಅಡ್ವೈಸರ್ (ಮಾರ್ಗದರ್ಶಕರು), ಊರಿನಲ್ಲಿ ಆಸ್ಪತ್ರೆ ಸೇರಿದ ಅಜ್ಜಿ ಎಲ್ಲರೂ ಬರುತ್ತಾರೆ. ಒಂಟಿತನಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಕ್ಯಾಂಪಸ್ಸಿನಲ್ಲಿ ಮತ್ತೊಂದಿಲ್ಲ. ಖರ್ಚೂ ಇಲ್ಲ.

ಮಿತಿಗಳೂ ಇವೆ. ಇಂತಹ ಕೂಟಗಳು ನಿಲ್ಲುವುದು ಅದನ್ನು ನಡೆಸುವ ಇಬ್ಬರು ಮೂವರು ವಿದ್ಯಾರ್ಥಿಗಳ ಮೇಲೆ. ಅವರು ಪದವಿ ಪಡೆದು ಹೊರಟರೆ ಕೂಟ ಸೊರಗುತ್ತದೆ. ಬಲಿಪೂಜೆ, ಪ್ರಭುಭೋಜನದಂತಹ ಸಂಸ್ಕಾರಗಳು ಇಲ್ಲಿಲ್ಲ. ನಾಯಕತ್ವ ವಹಿಸುವವರು ತಾವು ನಂಬುವುದೇನೆಂದು ಹೇಳುವ ವಿಶ್ವಾಸಪ್ರಮಾಣಕ್ಕೆ ಸಹಿ ಹಾಕಬೇಕಾಗಬಹುದು, ಮತ್ತು ಇದರ ಸುತ್ತ ಅಮೆರಿಕದ ಕ್ಯಾಂಪಸ್ಸುಗಳಲ್ಲಿ ದೀರ್ಘ ವಿವಾದವಿದೆ. ವರ್ಜೀನಿಯ ವಿಶ್ವವಿದ್ಯಾಲಯವು ಕ್ರೈಸ್ತ ವಿದ್ಯಾರ್ಥಿ ಪತ್ರಿಕೆಯೊಂದರ ಮುದ್ರಣ ವೆಚ್ಚ ಕೊಡಲು ನಿರಾಕರಿಸಿದ್ದು ಸರಿಯಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು. 2010ರಲ್ಲಿ ಅದೇ ಕೋರ್ಟ್, ಮಾನ್ಯತೆ ಬೇಕಾದ ಕೂಟಗಳು ಎಲ್ಲರಿಗೂ ಸದಸ್ಯತ್ವವನ್ನೂ ನಾಯಕತ್ವವನ್ನೂ ತೆರೆದಿಡಬೇಕೆಂಬ ಕ್ಯಾಲಿಫೋರ್ನಿಯದ ಕಾನೂನು ಕಾಲೇಜೊಂದರ ನಿಯಮವನ್ನು ಎತ್ತಿಹಿಡಿಯಿತು. ಹೀಗಾಗಿ ಒಂದೇ ಸಂಸ್ಥೆಯ ಕೂಟ ಒಂದು ಕ್ಯಾಂಪಸ್ಸಿನಲ್ಲಿ ವಿಶ್ವವಿದ್ಯಾಲಯದ ಕೋಣೆಯಲ್ಲಿ ಸೇರಬಹುದು, ಇನ್ನೊಂದರಲ್ಲಿ ಹೊರಗೆ ಸೇರಬಹುದು. ಮಾನ್ಯತೆ ಇಲ್ಲವೆಂಬ ಒಂದೇ ಕಾರಣಕ್ಕೆ ಕೂಟವನ್ನು ಅನುಮಾನಿಸಬೇಕಿಲ್ಲ.

ಅನುಮಾನಿಸಬೇಕಾದದ್ದು ಬೇರೆ ಲಕ್ಷಣಗಳನ್ನು. ಪರಿಚಯವಾದ ವಾರದಲ್ಲೇ ಪ್ರತಿ ಸಂಜೆಯನ್ನೂ ಕೇಳುವ, ಮನೆಯವರೊಂದಿಗೆ ಅಥವಾ ನಿಮ್ಮ ಹಳೆಯ ಸಭೆಯೊಂದಿಗೆ ಸಂಪರ್ಕ ಕಡಿಮೆ ಮಾಡಲು ಹೇಳುವ, ಸ್ಟೈಪೆಂಡಿನಲ್ಲಿ ಇಷ್ಟು ಪಾಲು ಕೊಡಲೇಬೇಕೆಂದು ಒತ್ತಾಯಿಸುವ, ಒಬ್ಬರೇ ನಾಯಕರಿದ್ದು ಅವರ ಮೇಲೆ ಯಾರೂ ಇಲ್ಲದ ಗುಂಪಿನಿಂದ ದೂರವಿರಿ. ಹೊಸದಾಗಿ ಬಂದ ವಿದೇಶಿ ವಿದ್ಯಾರ್ಥಿಗಳು ಏರ್‌ಪೋರ್ಟಿನಿಂದ ಕರೆತಂದವರಿಗೂ ಮೊದಲ ಊಟ ಹಾಕಿದವರಿಗೂ ಋಣಿಯಾಗಿರುತ್ತಾರೆ, ಅದು ಸಹಜ. ಆದರೆ ಆ ಋಣಕ್ಕೆ ಐದು ವರ್ಷದ ಆಯ್ಕೆಯನ್ನು ಒಪ್ಪಿಸಬಾರದು.

ಕ್ರೈಸ್ತ ಅಧ್ಯಯನ ಕೇಂದ್ರ

ನಮ್ಮವರಿಗೆ ಕಡಿಮೆ ಪರಿಚಯವಿರುವುದು ಇದು, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ವಿಶ್ವವಿದ್ಯಾಲಯದ ಆಡಳಿತಕ್ಕೆ ಸೇರದೆ, ಆದರೆ ಅದರ ಅಂಚಿನಲ್ಲೇ ಒಂದು ಮನೆ ಅಥವಾ ಕಟ್ಟಡದಲ್ಲಿ ನಡೆಯುವ ಸ್ವತಂತ್ರ ಸಂಸ್ಥೆ ಇದು. ವರ್ಜೀನಿಯ ವಿಶ್ವವಿದ್ಯಾಲಯದ ಪಕ್ಕದಲ್ಲಿ 1970ರ ದಶಕದಲ್ಲಿ ಹುಟ್ಟಿದ ಸೆಂಟರ್ ಫಾರ್ ಕ್ರಿಶ್ಚಿಯನ್ ಸ್ಟಡಿ ಈ ಬಗೆಯ ಸಂಸ್ಥೆಗಳಿಗೆ ಮಾದರಿಯಾಯಿತು. ಕಾರ್ನೆಲ್‌ನಲ್ಲಿ ಚೆಸ್ಟರ್‌ಟನ್ ಹೌಸ್, ಮ್ಯಾಡಿಸನ್‌ನಲ್ಲಿ ಅಪ್ಪರ್ ಹೌಸ್ ಇವೆ. ಷಿಕಾಗೊ ವಿಶ್ವವಿದ್ಯಾಲಯದ ಜೊತೆಯಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಲುಮೆನ್ ಕ್ರಿಸ್ಟಿ ಸಂಸ್ಥೆ ಕಥೋಲಿಕ ಚಿಂತನೆಗೆ ಮೀಸಲಾದದ್ದು.

ಇಲ್ಲಿ ನಡೆಯುವುದು ಓದು. ಸಂತ ಅಗಸ್ಟೀನರ ಒಂದು ಅಧ್ಯಾಯವನ್ನೋ ಬೈಬಲ್ಲಿನ ಯೋಬನ ಗ್ರಂಥವನ್ನೋ ಭೌತಶಾಸ್ತ್ರ, ಕಾನೂನು, ಇತಿಹಾಸದ ಸಂಶೋಧಕರು ಒಂದೇ ಮೇಜಿನ ಸುತ್ತ ಕುಳಿತು ಓದುತ್ತಾರೆ. ಸಂಜೆ ಯಾವುದಾದರೂ ಪ್ರಾಧ್ಯಾಪಕರ ಉಪನ್ಯಾಸ, ಆಮೇಲೆ ಬಿಡುವಾಗಿ ಪ್ರಶ್ನೋತ್ತರ. ನಿಮ್ಮ ವಿಷಯದಲ್ಲಿ ನೀವು ಪಿಎಚ್‌.ಡಿ. ಮಟ್ಟದವರಾಗಿದ್ದು, ವಿಶ್ವಾಸದ ಬಗೆಗಿನ ತಿಳಿವಳಿಕೆ ಮಾತ್ರ ಹದಿಹರೆಯದಲ್ಲಿ ಚರ್ಚಿನಲ್ಲಿ ಕಲಿತ ದೃಢೀಕರಣದ ತರಗತಿಯಲ್ಲೇ ನಿಂತುಹೋಗಿದ್ದರೆ, ಆ ಅಂತರ ತುಂಬಲು ಇದಕ್ಕಿಂತ ತಕ್ಕ ಜಾಗವಿಲ್ಲ. ‘ನರಳಾಟ ಏಕೆ’ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿದರೆ ಯಾರೂ ಗಾಬರಿಯಾಗುವುದಿಲ್ಲ. ಉಪನ್ಯಾಸಗಳು ಸಾಮಾನ್ಯವಾಗಿ ಉಚಿತ. ಚೆಸ್ಟರ್‌ಟನ್ ಹೌಸಿನಂತೆ ವಸತಿ ಇರುವ ಕಡೆ ಬಾಡಿಗೆ ಕೊಟ್ಟು ಇರಬಹುದು, ಮತ್ತು ಆ ಬಾಡಿಗೆಯನ್ನು ಅದೇ ಊರಿನ ಬೇರೆ ಕೋಣೆಗಳ ಬಾಡಿಗೆಯೊಂದಿಗೆ ಹೋಲಿಸಿ ನೋಡುವುದು ಬುದ್ಧಿವಂತಿಕೆ.

ಕೊರತೆಗಳನ್ನೂ ಹೇಳಬೇಕು. ಇಂತಹ ಕೇಂದ್ರಗಳು ಎಲ್ಲ ಕ್ಯಾಂಪಸ್ಸುಗಳಲ್ಲೂ ಇಲ್ಲ. ಓದಿನ ಪಟ್ಟಿ ಮಾನವಿಕಗಳ ಕಡೆಗೆ ವಾಲಿರುತ್ತದೆ. ಪ್ರಯೋಗಾಲಯದವರಿಗೆ 1941ರಿಂದ ಇರುವ ಅಮೆರಿಕನ್ ಸೈಂಟಿಫಿಕ್ ಅಫಿಲಿಯೇಷನ್ ಎಂಬ ಕ್ರೈಸ್ತ ವಿಜ್ಞಾನಿಗಳ ಸಂಘ ಇನ್ನೂ ಹತ್ತಿರವೆನಿಸಬಹುದು. ಅಧ್ಯಯನ ಕೇಂದ್ರಗಳು ದಾನಿಗಳ ಹಣದಿಂದ ನಡೆಯುವುದರಿಂದ ಆಡಳಿತ ಮಂಡಳಿಯಲ್ಲಿ ಯಾರಿದ್ದಾರೆ, ಯಾವ ವಿಶ್ವಾಸಪ್ರಮಾಣವನ್ನು ಒಪ್ಪಿದ್ದಾರೆ ಎಂದು ಓದಿಕೊಂಡೇ ಹೋಗಿ. ಎಲ್ಲಕ್ಕಿಂತ ಮುಖ್ಯವಾಗಿ, ದೇವರ ಬಗ್ಗೆ ಮಾತನಾಡುವುದು ದೇವರೊಂದಿಗೆ ಮಾತನಾಡುವುದರ ಜಾಗವನ್ನು ಆಕ್ರಮಿಸಿಕೊಳ್ಳುವ ಅಪಾಯ ಇಲ್ಲಿದೆ, ಮತ್ತು ಬುದ್ಧಿಯಿಂದ ಬದುಕುವ ನಮ್ಮಂಥವರಿಗೆ ಆ ಅಪಾಯ ಕಾಣಿಸುವುದೇ ಇಲ್ಲ.

ಊರಿನ ಚರ್ಚು

ಇದು ಎಲ್ಲಕ್ಕಿಂತ ಹಳೆಯ ದಾರಿ, ಮತ್ತು ಹೆಚ್ಚಿನವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಇಪ್ಪತ್ತು ಮೂವತ್ತರ ಆಸುಪಾಸಿನವರು, ಎಲ್ಲರೂ ಫಲಿತಾಂಶದ ಹಿಂದೆ ಬಿದ್ದವರು. ಊರಿನ ಚರ್ಚಿನಲ್ಲಿ ಮಕ್ಕಳಿದ್ದಾರೆ, ನಿವೃತ್ತರಿದ್ದಾರೆ, ನಿಮ್ಮ ಪ್ರಬಂಧ ಯಾವ ಜರ್ನಲ್‌ನಲ್ಲಿ ಬಂತೆಂಬುದರ ಗೊಡವೆಯೇ ಇಲ್ಲದೆ ನಿಮ್ಮನ್ನು ಊಟಕ್ಕೆ ಕರೆಯುವವರಿದ್ದಾರೆ. ಮದುವೆಯಾಗಿ ಹೋಗುವವರಿಗೆ, ಅದರಲ್ಲೂ ಕೆಲಸ ಮಾಡಲು ಅನುಮತಿಯಿಲ್ಲದ ವೀಸಾದಲ್ಲಿ ದಿನವಿಡೀ ಮನೆಯಲ್ಲಿರಬೇಕಾದ ಸಂಗಾತಿಗೆ, ಇದರಷ್ಟು ನೆರವಾಗುವ ಜಾಗ ಇನ್ನೊಂದಿಲ್ಲ.

ಯಾವ ಚರ್ಚು ಎಂಬ ಪ್ರಶ್ನೆಗೆ ನಮ್ಮ ಇತಿಹಾಸವೇ ದಾರಿ ತೋರಿಸುತ್ತದೆ. 1947ರಲ್ಲಿ ರೂಪುಗೊಂಡ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆಂಗ್ಲಿಕನ್ ಬಳಗಕ್ಕೂ ಮೆಥಡಿಸ್ಟರ ಮತ್ತು ರಿಫಾರ್ಮ್ಡ್ ಸಭೆಗಳ ಜಾಗತಿಕ ಒಕ್ಕೂಟಗಳಿಗೂ ಸೇರಿದ ಸಭೆ. ಹಾಗಾಗಿ ಮಂಗಳೂರು, ಧಾರವಾಡ, ಬೆಂಗಳೂರಿನ ಸಿ.ಎಸ್.ಐ. ಸದಸ್ಯರು ಅಮೆರಿಕದ ಎಪಿಸ್ಕೋಪಲ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಚರ್ಚುಗಳಲ್ಲಿ ಯಾವುದಕ್ಕೆ ಹೋದರೂ ನೆಂಟರ ಮನೆಗೆ ಹೋದಂತೆಯೇ. ಬೀದರ್, ಕೋಲಾರದ ಮೆಥಡಿಸ್ಟರ ಸಭೆಯನ್ನು ಕಟ್ಟಿದ್ದೇ ಅಮೆರಿಕದ ಮಿಷನರಿಗಳು. ಆದರೂ ಒಂದೇ ಹೆಸರಿನ ಎರಡು ಚರ್ಚುಗಳ ನಡುವೆ ಬೋಧನೆಯಲ್ಲಿ ಅಜಗಜಾಂತರ ಇರುವುದುಂಟು. ಪ್ರಸಂಗವನ್ನು, ಅಂದರೆ ಸಭಾಪಾಲಕರ ಬೋಧನೆಯನ್ನು, ನಾಲ್ಕಾರು ವಾರ ಕೇಳದೆ ಸದಸ್ಯರಾಗಬೇಡಿ.

ಕನ್ನಡದಲ್ಲಿ ಆರಾಧನೆ ಸಿಗುವುದು ಅಪರೂಪ. ಮಲಯಾಳ, ತೆಲುಗು, ತಮಿಳು ಸಭೆಗಳು ದೊಡ್ಡ ನಗರಗಳಲ್ಲಿ ಇವೆ, ಆದರೆ ಕಾರಿಲ್ಲದವರಿಗೆ ದೂರ. ತಾಯ್ನುಡಿಯ ಕೀರ್ತನೆಗಾಗಿ ಹಂಬಲಿಸುವವರಿಗೆ ನೇರ ಪ್ರಸಾರ ಆಸರೆಯಾಗುತ್ತದೆ: ನಮ್ಮೂರಿನ ಭಾನುವಾರ ಬೆಳಿಗ್ಗೆ 8.30ರ ಆರಾಧನೆ ಬೇಸಿಗೆಯಲ್ಲಿ ಬಾಸ್ಟನ್ನಿನಲ್ಲಿ ಶನಿವಾರ ರಾತ್ರಿ 11ಕ್ಕೆ, ಕ್ಯಾಲಿಫೋರ್ನಿಯದಲ್ಲಿ ರಾತ್ರಿ 8ಕ್ಕೆ ಬರುತ್ತದೆ. ಇದು ಜೊತೆಗಿರಲಿ, ಆದರೆ ಪರದೆಯ ಮೇಲಿನ ಸಭೆಯವರು ನಿಮಗೆ ಜ್ವರ ಬಂದಾಗ ಗಂಜಿ ತರಲಾರರು.

ಯಾರಿಗೆ ಯಾವುದು

ಇಷ್ಟರಿಂದ ತಿಳಿಯುವುದೇನೆಂದರೆ, ಆರಾಧಿಸುವ ಜಾಗ ಒಂದು ಮತ್ತು ಪ್ರಶ್ನೆ ಕೇಳುವ ಜಾಗ ಒಂದು ಹೀಗೆ ಎರಡು ಬೇಕು, ಮತ್ತು ಒಂದೇ ಸಂಸ್ಥೆ ಎರಡನ್ನೂ ಸಮನಾಗಿ ಕೊಡುವುದು ಅಪರೂಪ. ಮೊದಲನೆಯದನ್ನು ಸ್ಥಿರವಾಗಿ ಆರಿಸಿಕೊಳ್ಳಿ; ಎರಡನೆಯದನ್ನು ವರ್ಷ ವರ್ಷಕ್ಕೆ ಬದಲಾಯಿಸಿಕೊಳ್ಳಬಹುದು. ಕಥೋಲಿಕರಾಗಿದ್ದು ಒಬ್ಬರೇ ಇದ್ದರೆ ನ್ಯೂಮನ್ ಸೆಂಟರಿನ ಸಂಜೆ ಪೂಜೆ, ಜೊತೆಗೆ ಸಂಶೋಧಕರ ಓದಿನ ಗುಂಪು. ಕುಟುಂಬವಿದ್ದರೆ ನ್ಯೂಮನ್ ಸೆಂಟರಿಗಿಂತ ಹತ್ತಿರದ ಧರ್ಮಕೇಂದ್ರ. ಪ್ರೊಟೆಸ್ಟಂಟರಾಗಿದ್ದು ಕಾರಿಲ್ಲದಿದ್ದರೆ ನಡೆದು ಹೋಗುವಷ್ಟು ಹತ್ತಿರದ ಚರ್ಚನ್ನೇ ಆರಿಸಿ, ಅದರ ಸಂಗೀತ ನಿಮ್ಮ ರುಚಿಗೆ ಹೊಂದದಿದ್ದರೂ ಸರಿ. ವಾರದ ನಡುವೆ ಸ್ನಾತಕೋತ್ತರರ ಕೂಟ. ಸಂದೇಹ ಬಲವಾಗಿದ್ದು ಚರ್ಚಿನೊಳಗೆ ಉಸಿರು ಕಟ್ಟುತ್ತದೆ ಎನ್ನುವವರು ಅಧ್ಯಯನ ಕೇಂದ್ರದಿಂದ ಆರಂಭಿಸಲಿ, ಭಾನುವಾರ ಚಾಪೆಲ್ಲಿನ ಹಿಂದಿನ ಸಾಲಿನಲ್ಲಿ ಕುಳಿತು ಬರಲಿ.

ಕ್ರೈಸ್ತರಲ್ಲದೆ, ಬದುಕಿನ ಅರ್ಥ ಹುಡುಕುತ್ತ ಇಲ್ಲಿಗೆ ಬರುವ ಗೆಳೆಯರೂ ಇದ್ದಾರೆ. ಅವರಿಗೆ ತಕ್ಕದ್ದು ಉಪನ್ಯಾಸಗಳು. 1992ರಲ್ಲಿ ಹಾರ್ವರ್ಡ್‌ನಲ್ಲಿ ಆರಂಭವಾದ ವೆರಿಟಾಸ್ ಫೋರಂ ನಂಬುವ ಮತ್ತು ನಂಬದ ವಿದ್ವಾಂಸರನ್ನು ಒಂದೇ ವೇದಿಕೆಯಲ್ಲಿ ಕೂರಿಸುತ್ತದೆ. ಕೇಳುವವರ ಮೇಲೆ ಯಾವ ಕಟ್ಟುಪಾಡೂ ಇಲ್ಲ. ಬಲಿಪೂಜೆಗೂ ಬಂದು ಕುಳಿತುಕೊಳ್ಳಬಹುದು, ಪರಮಪ್ರಸಾದ ಸ್ವೀಕರಿಸುವಂತಿಲ್ಲ ಅಷ್ಟೇ.

ಬೆಂಗಳೂರಿನಲ್ಲೇ ಸಂಶೋಧನೆಗೆ ಉಳಿದವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರಿಗೆ ಆರಾಧನೆಗೆ ನಗರದ ಚರ್ಚುಗಳಿವೆ, ಕೂಟಕ್ಕೆ ಯು.ಇ.ಎಸ್.ಐ., ಕಥೋಲಿಕರಿಗೆ 1924ರಿಂದ ಇರುವ ಐಕಫ್ (ಆಲ್ ಇಂಡಿಯಾ ಕ್ಯಾಥೊಲಿಕ್ ಯೂನಿವರ್ಸಿಟಿ ಫೆಡರೇಷನ್), ವಿಶಾಲ ಸಾಮಾಜಿಕ ಕಾಳಜಿ ಉಳ್ಳವರಿಗೆ 1912ರಿಂದ ಇರುವ ಎಸ್.ಸಿ.ಎಂ. (ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್) ಇವೆ. ಅಧ್ಯಯನ ಕೇಂದ್ರದ ಕೊರತೆಯನ್ನು ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಂತಹ ದೈವಶಾಸ್ತ್ರದ ಸಂಸ್ಥೆಗಳ ಉಪನ್ಯಾಸಗಳು ಒಂದಿಷ್ಟು ತುಂಬಬಲ್ಲವು.

ಹೊರಡುವ ಮೊದಲು ದೀಕ್ಷಾಸ್ನಾನದ ಪ್ರಮಾಣಪತ್ರವನ್ನೂ ಸಭಾಪಾಲಕರ ಅಥವಾ ಗುರುಗಳ ಒಂದು ಪತ್ರವನ್ನೂ ಜೊತೆಗಿಟ್ಟುಕೊಳ್ಳಿ. ಜುಲೈನಲ್ಲೇ ಎರಡು ಕಡೆಗೆ ಇಮೇಲ್ ಬರೆದು, ಸಂಶೋಧಕರು ಎಷ್ಟು ಜನ ಬರುತ್ತಾರೆ, ಭಾನುವಾರ ಕರೆದೊಯ್ಯುವವರು ಇದ್ದಾರೆಯೇ, ಮೇಲ್ವಿಚಾರಣೆ ಯಾರದು ಎಂದು ಕೇಳಿ. ಉತ್ತರದ ಸ್ವರವೇ ಬಹಳಷ್ಟು ಹೇಳುತ್ತದೆ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಈ ಸಂಸ್ಥೆಗಳಲ್ಲಿ ಸಂಬಳದ ಕೆಲಸ ಒಪ್ಪಿಕೊಳ್ಳುವ ಮುನ್ನ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನು ಕೇಳಲೇಬೇಕು. ನಿದ್ದೆ, ಊಟ ಬಿಟ್ಟುಹೋಗುವಷ್ಟು ಮನಸ್ಸು ಕುಗ್ಗಿದರೆ ಪ್ರಾರ್ಥನೆಯ ಗೆಳೆಯರ ಜೊತೆಗೆ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರನ್ನೂ ಕಾಣಿ. ಒಳ್ಳೆಯ ಚಾಪ್ಲೇನರು ತಾವೇ ಹಾಗೆ ಹೇಳುತ್ತಾರೆ. ಇನ್ನು ಕ್ವಾಲಿಫೈಯಿಂಗ್ ಪರೀಕ್ಷೆಯ ಸೆಮಿಸ್ಟರಿನಲ್ಲಿ ಏನನ್ನಾದರೂ ಬಿಡಲೇಬೇಕಾಗಿ ಬಂದರೆ, ಮೊದಲು ಉಪನ್ಯಾಸಗಳನ್ನು ಬಿಡಿ, ಆಮೇಲೆ ಓದಿನ ಗುಂಪನ್ನು ಬಿಡಿ. ಭಾನುವಾರದ ಆರಾಧನೆಯನ್ನೂ ನಿಮ್ಮ ಹೆಸರು ಹಿಡಿದು ಪ್ರಾರ್ಥಿಸುವ ಇಬ್ಬರು ಗೆಳೆಯರನ್ನೂ ಉಳಿಸಿಕೊಳ್ಳಿ.